ಭಾವನ ಮೂಗು

ಬಸ್ ನಿಲ್ದಾಣದ ಬೆಂಚಿನಲ್ಲಿ ಅಜ್ಜಿಯೊಬ್ಬಳು ಕೂತಿದ್ದಳು. ಬಟ್ಟೆಯೆಲ್ಲ ಗ್ರೀಸು ಮೆತ್ತಿಕೊಂಡಿದ್ದ ಇಬ್ಬರು ಬಂದು ಅವಳ ಪಕ್ಕದಲ್ಲಿ ಉಸ್ಸಪ್ಪಾ ಎಂದು ಕುಕ್ಕರಿಸಿದರು. ಒಂದೇ ವರ್ಕ್‌ಶಾಪಿನ ಭಾವ, ಭಾಮೈದ ಎಂದು ಮಾತಿನಿಂದಲೇ ತಿಳಿಯಿತು.

"ಏನೋ ಅದು, ವರ್ಕ್‌ಶಾಪಿನ ಮೋಟಾರಿಗೆ ಕಟ್ಟಿದೀಯಲ್ಲ?" ಎಂದ ಭಾವ.

"ಹಳೇ ಕಾರಿನ ಫ್ಯಾನ್ ಸ್ವಿಚ್ಚು, ಭಾವ, ಬಿಸಿಗೆ ತಾನೇ ಆನ್ ಆಗೋದು. ಮೋಟಾರು ಜಾಸ್ತಿ ಕಾದ್ರೆ ಬೆಲ್ಲು ಹೊಡ್ಕೊಳ್ಳುತ್ತೆ."

"ಇಷ್ಟು ವರ್ಷ ನನ್ನ ಮೂಗೇ ಸಾಕಾಗಿತ್ತಲ್ಲೋ. ಸೀಯೋಕೆ ಮುಂಚೇನೇ ನಂಗೆ ವಾಸನೆ ಹೊಡೀತಿತ್ತು."

"ನಿನ್ನೆ ಹೊಗೆ ಬರ್ತಿತ್ತು. ನೀವು ಪಕ್ಕದಲ್ಲೇ ಟೀ ಕುಡೀತಾ ಕೂತಿದ್ರಿ."

ಭಾವ ಮೂಗು ಉಜ್ಜಿಕೊಂಡ.

"ಆ ಜ್ವರ ಬಂದು ಹೋದ್ಮೇಲೆ ಮೂಗು ಸತ್ತೋಗಿದೆ ಕಣೋ."

"ಅಕ್ಕಂಗೆ ಗೊತ್ತಾ?"

"ಹೇಳಿದ್ರೆ ಮನೇಲಿ ಬಿದ್ದಿರು ಅಂತಾಳೆ. ಮನೇಲಿದ್ದು ಏನ್ ಮಾಡ್ಲಿ, ಅವಳ ಅಡುಗೆ ಮೂಸ್ಲಾ?"

"ನೀವಿಲ್ದೆ ಆಗಲ್ಲ ಬಿಡಿ. ನಾನು ಹೊರಗೆ ಹೋದಾಗ ಬೆಲ್ಲು ಹೊಡೆದ್ರೆ ಆಫ್ ಮಾಡೋರು ಯಾರು?"

"ಜೋರಾಗಿ ಹೊಡ್ಕೊಳ್ಳುತ್ತಾ?"

"ಬೀದಿಗೆಲ್ಲ ಕೇಳುತ್ತೆ."

ಬಸ್ಸು ಬಂತು. ಭಾವ ಮಂಡಿ ಹಿಡಿದುಕೊಂಡು ಎದ್ದ.

"ಅದಕ್ಕೊಂಚೂರು ಬಟ್ಟೆ ಸುತ್ತೋ. ನಂಗೊಬ್ಬನಿಗೆ ಕೇಳಿದ್ರೆ ಸಾಕು. ಗಿರಾಕಿಗಳು ಇನ್ನೂ ಮೂಗೇ ಅಂದ್ಕೊಂಡಿರ್ಲಿ."

"ಸುತ್ತೋಣ ಭಾವ. ಮೊದ್ಲು ಬಸ್ ಹತ್ತಿ."

ಅವರು ದಾಟಿ ಹೋಗಲೆಂದು ಅಜ್ಜಿ ಕಾಲು ಮಡಚಿಕೊಂಡಳು.