ಕಂಬದ ಪಕ್ಕ ನಿಂತವಳು

ಹುಣಸೂರು ಬಸ್ ನಿಲ್ದಾಣದಲ್ಲಿ ಹನಗೋಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ಅಕ್ಕನ ಮದುವೆಯ ಡಿಜಿಟಲ್ ವಿಡಿಯೋ ಕ್ಯಾಸೆಟ್ಟನ್ನು ತಮ್ಮ ತನ್ನ ಮನೆಯ ಕಂಪ್ಯೂಟರಿಗೆ ಇಳಿಸಿ ಅವ್ವನಿಗೆ ಡಿವಿಡಿ ಮಾಡಿಕೊಟ್ಟಿದ್ದನಂತೆ.

“ತಾಳಿ ಕಟ್ಟೋವಾಗ ಅವ್ವ ಕಾಣಾದೇ ಇಲ್ವಲ್ಲ, ಸೋಮ.”

“ವಿಡಿಯೋದವ್ರು ಅಗಲದ ಪಿಕ್ಚರ್ ತೆಗ್ದವ್ರೆ ಕಣಕ್ಕ. ಅವ್ವನ ಟೀವಿ ಚೌಕ. ಮ್ಯಾಲೆ ಕೆಳಗೆ ಕಪ್ಪು ಪಟ್ಟಿ ಬತ್ತಿತ್ತು. ಟೀವಿ ತುಂಬ ಬರ್ಲಿ ಅಂತ ಎರಡೂ ಪಕ್ಕ ಕಟ್ ಮಾಡ್ದೆ.”

“ಅವ್ವ ಪಕ್ಕದಲ್ಲೇ ಕಣ್ಲಾ ಇದ್ದಿದ್ದು, ಕಂಬದ ತಾವ. ಗಂಡ ಸತ್ತೋಳು ಮುಂದಕ್ಕೆ ಬರ್ಬಾರ್ದು ಅಂತ ದೊಡ್ಡಪ್ಪ ಅಲ್ಲಿ ನಿಲ್ಸಿದ್ರು.”

“ನಾನು ಬರೀ ಕಂಬ ಅನ್ಕಂಡೆ.”

“ಅವ್ವ ನೋಡಿದ್ಲಾ?”

“ನೋಡಿದ್ಲು.”

“ಏನಂದ್ಲು?”

“ಚೆನ್ನಾಗದೆ ಅಂದ್ಲು. ತಾಳಿ ಕಟ್ಟಾದನ್ನ ಮಾತ್ರ ಮೂರು ಸಲ ಹಾಕಿಸ್ಕಂಡ್ಲು.”

ಅಕ್ಕ ತನ್ನ ಚೀಲವನ್ನು ತಮ್ಮನ ಕೈಗೆ ಕೊಟ್ಟಳು.

“ಇನ್ನೊಂದ್ಸಲ ಇಳ್ಸು.”

“ಇಡೀ ದಿನ ಹಿಡೀತದೆ ಕಣಕ್ಕ. ಪಟ್ಟಿನೂ ಬತ್ತದೆ.”

“ಪಟ್ಟಿ ಬಂದ್ರೆ ಬರ್ಲಿ ಬುಡು. ಅವ್ವನೂ ಬತ್ತಾಳಲ್ಲ.”

ಬಸ್ ಬಂತು. ಅಕ್ಕ ಹತ್ತಿದಳು. ಅವಳ ಚೀಲವನ್ನು ಕಿಟಕಿಯಿಂದ ಕೊಟ್ಟು ಸೋಮ ಮನೆಯ ಕಡೆ ನಡೆದ.