ಸುಬ್ಬಪ್ಪನವರ ಹಲ್ಲು, ಗುತ್ಯಪ್ಪನವರ ಬಾಯಿ

ನನ್ನ ಹೆಸರು ಸದಾಶಿವಪ್ಪ, ತಂದೆ ದಿವಂಗತ ಪರಶುರಾಮಪ್ಪ, ವಯಸ್ಸು 68 ವರ್ಷ, ವೃತ್ತಿ ದಂತವೈದ್ಯ, ವಾಸ ಶಿಕಾರಿಪುರ ಪಟ್ಟಣ. ಸೊರಬದ ಶವಾಗಾರದಲ್ಲಿ ನಾನು ನಡೆಸಿದ ಗುರುತಿನ ಪರೀಕ್ಷೆಯ ವಿಷಯವಾಗಿ ತಮ್ಮ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ತಯಾರಿಸುವ ಪ್ರತಿಯೊಂದು ಕೃತಕ ದಂತಪಂಕ್ತಿಯ ಒಳಮೈಯಲ್ಲಿ ಧರಿಸುವವರ ಹೆಸರನ್ನೂ ನನ್ನ ಚಿಕಿತ್ಸಾಲಯದ ಹೆಸರನ್ನೂ ಬರೆದ ಸಣ್ಣ ಪಟ್ಟಿಯನ್ನು ಕೂರಿಸುವುದು ನನ್ನ ಪದ್ಧತಿ. ಬಂದಳಿಕೆಯ ಜಮೀನುದಾರರಾದ ಸುಬ್ಬಪ್ಪನವರಿಗೆ 2016ರಲ್ಲಿ ಮೇಲ್ದವಡೆಯ ಪಂಕ್ತಿಯೊಂದನ್ನು ಮಾಡಿಕೊಟ್ಟಿದ್ದೆ. ಅದು ಸವೆದುದರಿಂದ 2023ರಲ್ಲಿ ಹೊಸದನ್ನು ಕೊಟ್ಟೆ.

ದಿನಾಂಕ 09-11-2023ರಂದು ಬೆಳಿಗ್ಗೆ ಸುಬ್ಬಪ್ಪನವರು ಹೊಸ ಪಂಕ್ತಿಯನ್ನು ಸರಿಪಡಿಸಿಕೊಳ್ಳಲು ಬಂದಾಗ ಅವರ ಮನೆಯ ಆಳು ಗುತ್ಯಪ್ಪನವರು ಜೊತೆಗಿದ್ದರು. ಹೊರಗಿನ ಬೆಂಚುಗಳ ತುಂಬ ಜನರಿದ್ದರು. ಸುಬ್ಬಪ್ಪನವರು ಆಳಿಗೆ, ಗುತ್ಯಾ, ಎಲ್ರಿಗೂ ಕಾಣಂಗೆ ಒಂದ್ಸಲ ನಗು ಎಂದು ಹೇಳಿದರು. ಗುತ್ಯಪ್ಪನವರು ನಕ್ಕರು. ಅವರ ಬಾಯಲ್ಲಿದ್ದುದು ನಾನು 2016ರಲ್ಲಿ ಸುಬ್ಬಪ್ಪನವರಿಗೆ ಮಾಡಿಕೊಟ್ಟ ಪಂಕ್ತಿ. ಸುಬ್ಬಪ್ಪನವರು, ನನ್ನ ಹಳೇ ಹಲ್ಲು ಇವನ ಬಾಯಾಗೆ ಕುಂತು ಈಗ್ಲೂ ನನ್ನ ಅನ್ನಾನೇ ತಿಂತೈತಿ ನೋಡ್ರಿ ಎಂದರು. ಬೆಂಚಿನ ಮೇಲಿದ್ದ ಕೆಲವರು ನಕ್ಕರು.

ನಾನು ಗುತ್ಯಪ್ಪನವರನ್ನು ಒಳಗೆ ಕರೆದು ಪರೀಕ್ಷಿಸಿದೆ. ಮೇಲ್ದವಡೆಯಲ್ಲಿ ಹಲ್ಲು ಒಂದೂ ಇರಲಿಲ್ಲ. ಅಂಗುಳಿನ ನಡುವೆ ಹುಣಸೆಬೀಜದಷ್ಟು ಎಲುಬಿನ ಗಂಟಿತ್ತು. ಇದು ಕೆಲವರಲ್ಲಿ ಸಹಜವಾಗಿರುವಂಥದು, ಅಪಾಯವಿಲ್ಲ. ಸುಬ್ಬಪ್ಪನವರ ಅಂಗುಳು ನುಣುಪು. ಆದ್ದರಿಂದ ಅವರ ಅಳತೆಯ ಪಂಕ್ತಿಯು ಗುತ್ಯಪ್ಪನವರ ಗಂಟನ್ನು ಒತ್ತಿ ಹುಣ್ಣು ಮಾಡಿತ್ತು. ಸಡಿಲವಾಗಿದ್ದ ಕಡೆ ಹಳೆಯ ಪಂಚೆಯ ಚೂರನ್ನು ತುರುಕಲಾಗಿತ್ತು. ಇದನ್ನು ಏಕೆ ಧರಿಸುತ್ತೀರಿ ಎಂದು ಕೇಳಿದ್ದಕ್ಕೆ, ಗೌಡ್ರು ಹಾಕ್ಕ ಅಂದಾಗ ಹಾಕ್ಕಂತೀನ್ರಿ, ಸಂಜಿಗೆ ಅವರ ಮನೆ ಗೂಡಾಗೇ ಇಟ್ಟು ಹೋಗ್ತೀನಿ, ಹೆಂಡ್ತಿಗೆ ತೋರ್ಸೋ ನಗು ಅಲ್ರಿ ಇದು ಎಂದು ಹೇಳಿದರು.

ನಾನು ಅವರ ಮೇಲ್ದವಡೆಯ ಜಿಪ್ಸಮ್ ಅಚ್ಚನ್ನು ತೆಗೆದು, ಶುಲ್ಕವಿಲ್ಲದೆ ಹೊಸ ಪಂಕ್ತಿ ಮಾಡಿಕೊಡುವುದಾಗಿಯೂ ಮುಂದಿನ ವಾರ ಕಳುಹಿಸಬೇಕೆಂದೂ ಸುಬ್ಬಪ್ಪನವರಿಗೆ ತಿಳಿಸಿದೆ. ಆಳಿಗೆ ಅಳತೆ ತಗಂಡು ಹಲ್ಲು ಮಾಡ್ಸೋದೊಂದು ಕೇಡು ಎಂದು ಹೇಳಿ ಅವರು ಹೊರಟರು. ಗುತ್ಯಪ್ಪನವರು ಮತ್ತೆ ಬರಲಿಲ್ಲ. ಅಚ್ಚಿನ ಮೇಲೆ ಹೆಸರು, ದಿನಾಂಕ ಬರೆದು ಇರಿಸಿದ್ದೆ.

ದಿನಾಂಕ 13-02-2024ರಂದು ಆರಕ್ಷಕ ಉಪನಿರೀಕ್ಷಕರು ನನಗೆ ದೂರವಾಣಿ ಕರೆ ಮಾಡಿದರು. ಗುಡವಿಗೆ ಹೋಗುವ ದಾರಿಯ ಹೊಂಡವೊಂದರಲ್ಲಿ 11ರಂದು ಶವ ದೊರೆತಿದೆ, ಮುಖ ಊದಿ ಗುರುತು ಸಿಗುತ್ತಿಲ್ಲ ಎಂದರು. ಶವದ ಬಾಯಲ್ಲಿದ್ದ ಪಂಕ್ತಿಯನ್ನು ತುಸು ಸರಿಸಿ, ಒಳಮೈಯ ಹೆಸರನ್ನು ಓದಿ, ಹಾಗೆಯೇ ಬಿಟ್ಟು ವಿಚಾರಿಸಿದರೆ ಸುಬ್ಬಪ್ಪನವರೇ ಜೀವಂತವಾಗಿ ಬಂದು, ತಮ್ಮ ಹಳೆಯ ಹಲ್ಲು ಕಾಲುವೆಯಲ್ಲಿ ಬಿದ್ದುಹೋಗಿತ್ತೆಂದೂ ಮೃತನು ಯಾರೋ ತಿಳಿಯದೆಂದೂ ಹೇಳಿದ್ದರು. 9ರಿಂದ ಗಂಡ ಕಾಣೆಯಾಗಿದ್ದಾನೆಂದು ದೂರಿತ್ತಿದ್ದ ಗುತ್ಯಪ್ಪನವರ ಪತ್ನಿ ಮೂಕಮ್ಮನವರಿಗೆ 12ರಂದು ಶವವನ್ನು ತೋರಿಸಲಾಗಿತ್ತು. ಅವರು ತೆರೆದ ಬಾಯಿಯ ಹಲ್ಲುಗಳನ್ನು ನೋಡಿ, ನಮ್ಮೋರಿಗೆ ಮೇಲಿನ ಹಲ್ಲು ಒಂದೂ ಇಲ್ರಿ, ಇವರು ಬ್ಯಾರೆ ಯಾರೋ ಎಂದು ಹಿಂತಿರುಗಿದ್ದರು. ವಾರಸುದಾರರು ಬಾರದಿದ್ದರೆ ನನಗೆ ಕರೆ ಬಂದ ದಿನವೇ ಸಂಜೆ ಹೂಳುವುದಿತ್ತು. ಪಂಕ್ತಿಯು ನನ್ನ ಕೈಕೆಲಸವೇ ಎಂಬುದನ್ನಷ್ಟೇ ನನ್ನಿಂದ ಕೇಳಲಾಗಿತ್ತು. ನಾನು ಅಚ್ಚನ್ನೂ ಕೊಂಡೊಯ್ದೆ. ಸುಬ್ಬಪ್ಪನವರನ್ನೂ ಮೂಕಮ್ಮನವರನ್ನೂ ಮತ್ತೆ ಕರೆಸಬೇಕೆಂದು ಕೋರಿದೆ.

ಅದೇ ದಿನ ಮಧ್ಯಾಹ್ನ 12 ಗಂಟೆಗೆ ಶವಾಗಾರದಲ್ಲಿ ಎಲ್ಲರ ಸಮಕ್ಷಮ ಪಂಕ್ತಿಯನ್ನು ಹೊರತೆಗೆದೆ. ಅದರಡಿ ಪಂಚೆಯ ಚೂರಿತ್ತು, ಚೂರಿಗೆ ಚಕ್ಕುಲಿಯ ತುಣುಕುಗಳು ಅಂಟಿದ್ದವು. ಅಂಗುಳಿನ ಗಂಟಿನ ಮೇಲೆ ಆಳವಾದ ಗಾಯವಿತ್ತು. ಗಂಟಿನ ಗಾತ್ರ, ಸ್ಥಾನ, ವಸಡಿನ ಏರು ಎಲ್ಲವೂ ಅಚ್ಚಿನೊಂದಿಗೆ ಹೊಂದಿಕೊಂಡವು. ಮೃತರು ಗುತ್ಯಪ್ಪನವರೇ ಎಂದು ಅಭಿಪ್ರಾಯ ಕೊಟ್ಟೆ.

ಆಗ ಸುಬ್ಬಪ್ಪನವರು, 9ರಂದು ಸೊರಬದ ತಮ್ಮ ಬೀಗರ ಮನೆಯ ಮದುವೆಯೂಟದಲ್ಲಿ ಗುತ್ಯಪ್ಪನವರಿಗೆ ಆ ಹಲ್ಲು ಹಾಕಿಸಿ, ಚಕ್ಕುಲಿ ಕೊಟ್ಟು ಕಡಿಸಿದ್ದಾಗಿ ಒಪ್ಪಿದರು. ಬೀಗರು ನಕ್ಕೂ ನಕ್ಕೂ ಸುಸ್ತಾದ್ರು, ಇವ ಬಾಯಾಗೆ ರಕ್ತ ಬಂತು ಅಂತ ಎದ್ದು ಹೋದ ಎಂದರು. ಇದನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ಉಪನಿರೀಕ್ಷಕರು ಕೇಳಿದ್ದಕ್ಕೆ, ಬೀಗರ ಮನಿ ಹೆಸ್ರು ಠಾಣೆಗೆ ಬರೋದು ಬ್ಯಾಡ ಅಂತ ಎಂದರು. ಸಾವಿನ ಕಾರಣವನ್ನು ಹೇಳುವುದು ನನ್ನ ಶಾಸ್ತ್ರದ ವ್ಯಾಪ್ತಿಗೆ ಬಾರದು.

ಹಲ್ಲು ತೆಗೆದ ಬಾಯಿಯನ್ನು ಕಂಡೊಡನೆ ಮೂಕಮ್ಮನವರು ಗಂಡನನ್ನು ಗುರುತಿಸಿದರು. ನಿನ್ನೆ ಇದೇ ಮುಖ ನೋಡಿ ಯಾರೋ ಏನೋ ಅಂದು ಮನಿಗೆ ಹೋಗಿ ಉಂಡ್ನಲ್ರಿ ಎಂದರು. ಅಷ್ಟರಲ್ಲಿ ಸುಬ್ಬಪ್ಪನವರು ನನ್ನ ಕಡೆ ಬಾಗಿ, ಡಾಕ್ಟ್ರೇ, ಅದನ್ನ ತೊಳ್ದು ಕೊಡ್ರಿ, ಹೆಸ್ರು ನಂದೇ ಐತಲ್ಲ ಎಂದು ಕೇಳಿದರು. ಮೂಕಮ್ಮನವರು ತಟ್ಟೆಯಲ್ಲಿದ್ದ ಪಂಕ್ತಿಯನ್ನು ತೊಳೆಯಗೊಡದೆ ಎತ್ತಿಕೊಂಡು ಅವರ ಬಾಯಿಯ ಮುಂದೆ ಹಿಡಿದು, ತಗಳ್ರಿ ಗೌಡ್ರೆ, ನಿಮ್ದೇ, ಇಲ್ಲೇ ಹಾಕ್ಕಂಡು ಎಲ್ರಿಗೂ ಕಾಣಂಗೆ ಒಂದ್ಸಲ ನಗ್ರಿ ಎಂದರು. ಸುಬ್ಬಪ್ಪನವರು ಹೆಗಲ ವಸ್ತ್ರದಿಂದ ಬಾಯಿಯನ್ನು ಮುಚ್ಚಿಕೊಂಡು ಹೊರಗೆ ಹೋದರು. ಮೂಕಮ್ಮನವರು ಕೈಯನ್ನು ಇಳಿಸಲಿಲ್ಲ. ಉಪನಿರೀಕ್ಷಕರೇ ಅವರ ಬೆರಳುಗಳನ್ನು ಬಿಡಿಸಿ ಪಂಕ್ತಿಯನ್ನು ವಶಕ್ಕೆ ಪಡೆದರು.

ನಾನು ನುಡಿದುದನ್ನೇ ಇಲ್ಲಿ ಬರೆಯಲಾಗಿದೆ. ಓದಿಸಿ ಕೇಳಿದ್ದೇನೆ. ಇದೆಲ್ಲವೂ ನಾನು ಕಂಡು ಕೇಳಿದ ಸತ್ಯ.

ಸ್ಥಳ: ಸೊರಬ
ದಿನಾಂಕ: 14-02-2024
ಸಹಿ: ಸದಾಶಿವಪ್ಪ