ಇರ್ಮಾಳ ಕೊನೇ ಸುತ್ತಿನ ಹುಡುಗ

...ಅದಕ್ಕೇ ಅಂದೆ ಇರ್ಮಾ, ಇವತ್ತೊಂದಿನ ಲೆಸ್ಟರ್ ಗ್ಯಾರೇಜಿಗೆ ಬರಬೇಡ ಅಂತ. ಹುಬ್ಬು ಯಾಕೆ ಏರಿಸ್ತೀಯ? ಪಕ್ಕದ ಮನೆಯವಳು, ನಿನ್ನ ಒಳ್ಳೇದಕ್ಕೇ ಹೇಳೋದು. ನೀನು ಇಸ್ತ್ರಿ ಮಾಡ್ಕೋ, ಮಾಡ್ತಾನೇ ಕೇಳು.

ಇಡೀ ಓಹಾಯೋದಲ್ಲಿ ನಮ್ಮ ಬೀದಿಯಷ್ಟು ಹುಚ್ಚು ಎಲ್ಲೂ ಇಲ್ಲ ಕಣೇ. ಏಪ್ರಿಲ್ ಬಂತು ಅಂದ್ರೆ, ನಮ್ಮ ಫುಟ್‌ಬಾಲ್ ಟೀಮು ಈ ಸಲ ಯಾವ ಸುತ್ತಲ್ಲಿ ಯಾವ ಕಾಲೇಜು ಹುಡುಗನ್ನ ಎತ್ಕೊಳ್ಳತ್ತೆ ಅಂತ ಲೆಸ್ಟರ್ ಗ್ಯಾರೇಜಲ್ಲಿ ಸೇರಿ ಬಿಯರ್ ಕುಡ್ಕೊಂಡು ಊಹೆ ಮಾಡೋದು. ಮೂರು ವರ್ಷ ಬಿಟ್ಟು ಅದನ್ನೇ ತಿರುಗಿಸಿ ನೋಡೋದು. ಯಾರ ಊಹೆ ಎಲ್ಲಕ್ಕಿಂತ ಹದಗೆಟ್ಟಿತ್ತೋ, ಅವರು ಹೆಸರಿಸಿದ ಹುಡುಗನ ಫೋಟೋ ಹಲಗೆಗೆ ಅಂಟಿಸಿ ಡಾರ್ಟ್ ಎಸೆಯೋದು. ಬುದ್ಧಿ ಇದೆಯಾ ಯಾರಿಗಾದ್ರೂ?

ಲೆಸ್ಟರ್ ಹೇಳಿದ ಆ ತೆಂಗಿನಮರದಂಥವನು... ಟೀಮು ಎತ್ಕೊಳ್ತು, ನಿಜ. ಮೈದಾನದಲ್ಲಿ ಬಾತುಕೋಳಿ ಥರ ಓಡಾಡಿ ಎರಡನೇ ವರ್ಷಕ್ಕೇ ಮನೆಗೆ. ನಾನು ಹೇಳಿದ ಆ ಚೆಂಡು ಒದೆಯೋ ಹುಡುಗ... ಬಿಡು ಅವನ ಸುದ್ದಿ. ಈಗ ಹಾಸಿಗೆ ಮಾರ್ತಾನಂತೆ. ಹೋದ ಸಲ ಹಲಗೆ ಮೇಲೆ ನಾನು ಹೆಸರಿಸಿದವನೇ, ಅದರ ಹಿಂದಿನ ಸಲವೂ ನಾನು ಹೆಸರಿಸಿದವನೇ. ಇವತ್ತು ಬೆಳಿಗ್ಗೆ ಗ್ಯಾರೇಜಲ್ಲಿ ಎಲ್ಲರೂ ಮತ್ತೆ ನನ್ನ ಮುಖ ನೋಡಿ ಹಲ್ಲು ಕಿರಿಯೋಕೆ ಶುರು ಮಾಡಿದ್ರು.

ಮೂರು ವರ್ಷದ ಕೆಳಗೆ ನೀನು ಕೊನೇ ಸುತ್ತಿಗೆ ನಿನ್ನ ಕೋಡಿ ಹೆಸರು ಹೇಳಿದ್ದೆ. ಹೆತ್ತವಳು, ಇನ್ನೇನು ಹೇಳ್ತೀಯ. ಆ ಶನಿವಾರ ನಾವೆಲ್ಲ ಪಿರೋಗಿ ಕಡುಬಿನ ತಟ್ಟೆ ಹಿಡ್ಕೊಂಡು ಇಲ್ಲೇ ಕೂತಿದ್ವಲ್ಲ... ಟೀವೀಲಿ ಯಾರ್ಯಾರ ಹೆಸರೋ ಕೂಗಿದ್ರು. ಟೀಮಿನವರು ಕರೀಬೇಕಿದ್ದ ನಿನ್ನ ಮಗನ ಫೋನು ಮಾತ್ರ ತುಟಿ ಬಿಚ್ಚಲಿಲ್ಲ. ಆವತ್ತು ನೆಲಮಾಳಿಗೆಗೆ ಇಳಿದವನು ಇನ್ನೂ ಹತ್ತಿ ಬಂದಿಲ್ಲ ಅಂತ ಬೀದಿಯೆಲ್ಲ ಅನ್ನತ್ತೆ. ನಾನಲ್ಲಪ್ಪ.

ಅದ್ಯಾರ ಷರಟು? ನಿನ್ನ ಗಂಡನಿಗೆ ಅಷ್ಟಗಲ ಭುಜ ಎಲ್ಲಿದೆ...

ಕೋಡಿ ಬರ್ತಾನಾ? ಇವತ್ತು? ಅವನಾಗೇ ಅಂದ್ನಾ? ಗಡ್ಡಾನೂ ತೆಗೆದ್ನಾ...

ಬೇಡ ಕಣೇ. ಮುಂದಿನ ವಾರ ಕಳಿಸು, ನಾನೇ ಕರ್ಕೊಂಡು ಹೋಗ್ತೀನಿ. ಇವತ್ತು ಬೇಡ... ಯಾಕೆ ಅಂದ್ರೆ... ಈ ಸಲ ಹಲಗೆ ಮೇಲೆ ಅವನಿದಾನೆ. ನಿನ್ನ ಊಹೆಯೇ ಹದಗೆಟ್ಟಿದ್ದು ಅಂತ ಎಲ್ಲಾ ಕೈ ಎತ್ತಿದ್ರು, ತಮಾಷೆಗೆ. ನಾನೂ ಎತ್ತಿದೆ, ಎಲ್ಲರ ಜೊತೆ. ಯಾರೋ ಫೋಟೋ ತಂದ್ರು, ಯಾರೋ ಅಂಟಿಸಿದ್ರು. ಇಸ್ತ್ರಿಪೆಟ್ಟಿಗೆ ಎತ್ತೇ, ಬಟ್ಟೆ ಸುಡತ್ತೆ.

ಯಾವ ಫೋಟೋನೋ, ನಂಗೇನು ಗೊತ್ತು. ಆಟದ ಬಟ್ಟೇಲಿ, ನಿಮ್ಮ ನಾಯೀನ ಹೆಗಲ ಮೇಲೆ ಕೂರಿಸ್ಕೊಂಡು, ನಗ್ತಾ...

ಹಂಗೆ ನೋಡಬೇಡ ಇರ್ಮಾ. ಬೈಯೋದಿದ್ರೆ ಬೈ.

ಹೂಂ. ಅದು ಇದ್ದದ್ದು ಒಂದೇ. ಇಟ್ಕೋ ಅಂತ ನೀನೇ ನಂಗೆ ಕೊಟ್ಟಿದ್ದೆ, ನಮ್ಮ ಅಡುಗೆಮನೇಲಿತ್ತು. ಮತ್ತೆ ನನ್ನನ್ನೇ ನೋಡಿ ನಗ್ತಾರಲ್ಲ ಅಂತ... ಇರ್ಮಾಳ ಹುಡುಗ ಇದಾನಲ್ಲ ಅಂದುಬಿಟ್ಟೆ. ಮನೆಗೆ ಓಡಿಹೋಗಿ ತಂದೂ ಕೊಟ್ಟೆ.

ಈಗ್ಲೇ ಹೋಗಿ ಕಿತ್ಕೊಂಡು ಬರ್ತೀನಿ ತಾಳು... ತಂದು ಏನು ಮಾಡ್ತೀಯ ಅದನ್ನ. ತೂತು ಬಿದ್ದಿದೆ. ಮೊದಲನೇ ಡಾರ್ಟು ನನ್ನ ಕೈಗೇ ಕೊಟ್ಟಿದ್ರು.